ಹಿಡಿಕೆಯ ಬುಡದ ಕಾಡಿಗೆ ಬೊಟ್ಟು

ಅದು 2021ರ ಚಳಿಗಾಲ. 2022 ಇದ್ದರೂ ಇರಬಹುದು. ಆಗ ನಾನು ಬೆಳಗಾವಿಯ ಒಂದು ಸಣ್ಣ ಸೆರಾಮಿಕ್ ಪ್ರಯೋಗಾಲಯದಲ್ಲಿ ಗ್ಲೇಜ್ ತಂತ್ರಜ್ಞನಾಗಿದ್ದೆ. ಗ್ಲೇಜ್ ಎಂದರೆ ಮಣ್ಣಿನ ಪಾತ್ರೆಯ ಮೇಲೆ ಬೆಂಕಿಯಲ್ಲಿ ಕರಗಿ, ಗಾಜಿನಂತೆ ಅಂಟಿಕೊಳ್ಳುವ ಲೇಪ. ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಅದನ್ನೇ ಓದಿದ್ದರಿಂದ, ಅಳೆದು ನೋಡದ ಯಾವ ಮಾತನ್ನೂ ನಾನು ನಂಬುತ್ತಿರಲಿಲ್ಲ. ನನ್ನ ನೆನಪನ್ನು ಮಾತ್ರ ಅಳೆಯದೆ ನಂಬುತ್ತಿದ್ದೆ.

ಖಾನಾಪುರದ ಒಂದು ಕುಂಬಾರಿಕೆ ಕೇಂದ್ರದಿಂದ ಕರೆ ಬಂತು. ಅಲ್ಲಿ ಈರಪ್ಪ ಎಂಬ ಕುಂಬಾರರು ಬೆಳಗಾವಿಯ ಕಾಫಿ ಅಂಗಡಿಯೊಂದಕ್ಕಾಗಿ ತಮ್ಮ ತಂದೆಯ ಕಾಲದ ಕಲ್ಲಿನ ತಿಗರಿ, ಅಂದರೆ ಕುಂಬಾರರ ಚಕ್ರ, ತಿರುಗಿಸಿ ನೂರೈವತ್ತು ಮಗ್ ಮಾಡಿದ್ದರು. ಹಿಡಿಕೆ ಕೂಡಿಸಿದವರು ಅವರ ಹೆಂಡತಿ ಗಂಗವ್ವ. ಈ ಸರಕು ಒಪ್ಪಿಗೆಯಾದರೆ ತಿಗರಿ ಉಳಿಯುತ್ತದೆ, ತಿರುಗಿ ಬಂದರೆ ಅದನ್ನು ಕಿತ್ತು ಅಚ್ಚಿನಲ್ಲಿ ಎರಕ ಹೊಯ್ಯುವ ಮೇಜು ಹಾಕಿಸುತ್ತೇವೆ ಎಂದು ಕೇಂದ್ರದ ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದರು. ಈರಪ್ಪನವರಿಗೆ ಅರವತ್ತು ದಾಟಿತ್ತು. ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಗ್ಲೇಜ್ ಹಾಕಿ ಸುಟ್ಟ ಮೊದಲ ಮೂವತ್ತು ಮಗ್‌ಗಳನ್ನು ನೋಡಿದೆ. ಪ್ರತಿಯೊಂದರಲ್ಲೂ ಹಿಡಿಕೆಯ ಬುಡದಲ್ಲಿ ಬಟಾಣಿಯಷ್ಟು ಜಾಗ ಬೋಳಾಗಿತ್ತು. ಧೂಳು ಅಥವಾ ಜಿಡ್ಡು ಇದ್ದಲ್ಲಿ ಗ್ಲೇಜ್ ಹೀಗೆ ಹಿಂದೆ ಸರಿಯುತ್ತದೆ. ಇದಕ್ಕೆ ಕ್ರಾಲಿಂಗ್ ಎನ್ನುತ್ತಾರೆ. ಆದರೆ ಧೂಳು ಮೂವತ್ತರಲ್ಲೂ ಒಂದೇ ಕಡೆ ಕೂರುವುದಿಲ್ಲ.

"ಇಲ್ಲಿ ಏನರ ಹಚ್ಚಿದ್ರೇನ್ರಿ?" ಎಂದು ಕೇಳಿದೆ.

"ದೃಷ್ಟಿ ಬೊಟ್ಟರಿ ಸರ," ಎಂದರು ಗಂಗವ್ವ. "ಔಡಲೆಣ್ಣ್ಯಾಗ ಕಾಡಗಿ ಕಲಸಿ ಇಟ್ಟಿದ್ನಿ. ಭಟ್ಟಿಗೆ ಒಂದs ಗಡಗಿಗೆ ಇಡೂದು ನಮ್ಮ ಪದ್ಧತಿ. ಇದು ದೊಡ್ಡ ಕೆಲಸ ಅಂತ ಎಲ್ಲಾಕೂ ಇಟ್ನಿ. ಆಮ್ಯಾಲ ಒರಸೇನ್ರಿ."

"ಕೂಸಿಗೆ ಇಟ್ಟಂಗ ಕಪ್‌ಗೆ ಇಟ್ಟಾಳ್ರಿ," ಈರಪ್ಪ ನಕ್ಕರು. "ನನಗೊಮ್ಮೆನೂ ಇಟ್ಟಿಲ್ಲ."

"ನಿಮ್ಮನ್ಯಾರು ನೋಡ್ತಾರ?"

ಗಡಿಗೆಗೆ ಗ್ಲೇಜ್ ಇಲ್ಲ. ಹಾಗಾಗಿ ಇಷ್ಟು ತಲೆಮಾರು ಆ ಬೊಟ್ಟಿನಿಂದ ಕೆಟ್ಟದ್ದೇನೂ ಆಗಿರಲಿಲ್ಲ. ಇಲ್ಲಿ ಮಾತ್ರ ಒಮ್ಮೆ ಸುಟ್ಟ ಮಣ್ಣು ಆ ಹರಳೆಣ್ಣೆಯನ್ನು ಕುಡಿದಿತ್ತು. ಒರೆಸಿದಾಗ ಹೋದದ್ದು ಕಪ್ಪು ಮಾತ್ರ.

ಮೂವತ್ತು ಮಗ್‌ಗಳ ಬೋಳು ಜಾಗಕ್ಕೆ ಗೋಂದು ಬೆರೆಸಿದ ಗ್ಲೇಜನ್ನು ಕುಂಚದಿಂದ ತುಂಬಿ ಮತ್ತೆ ಸುಡುವುದು ಎಂದು ನಿರ್ಧರಿಸಿದೆ. ಗ್ಲೇಜ್ ಇನ್ನೂ ಹಾಕದ ನೂರಿಪ್ಪತ್ತನ್ನು ಮೊದಲು ಹಾಗೇ ಬರಿದಾಗಿ ಸುಟ್ಟು, ಎಣ್ಣೆ ಉರಿದುಹೋದ ಮೇಲೆ ಗ್ಲೇಜಿನಲ್ಲಿ ಅದ್ದಬೇಕಿತ್ತು. ಇದನ್ನು ಭಟ್ಟಿಯ ಬಾಗಿಲಲ್ಲಿ ನಿಂತು ಅವರಿಗೆ ಸ್ಪಷ್ಟವಾಗಿ ಹೇಳಿದೆ, ಅಥವಾ ಹೇಳಿದ್ದು ನನಗೆ ನೆನಪಿತ್ತು. ಬೆಳಗಾವಿಯಲ್ಲಿ ಬೇರೆ ಕೆಲಸವಿತ್ತು. ಬೈಕ್ ಹತ್ತಿದೆ.

ನಾಲ್ಕು ದಿನ ಬಿಟ್ಟು ಹೋದಾಗ ನೂರಿಪ್ಪತ್ತೂ ಗ್ಲೇಜ್ ಸಮೇತ ಸುಟ್ಟು ಹೊರಬಂದಿದ್ದವು, ನೂರಿಪ್ಪತ್ತೂ ಬೋಳಾಗಿದ್ದವು.

"ನೀವು ಹೇಳಿದಂಗ ಬಿಸಿನೀರಾಗ ಸಾಬಾನ ಹಚ್ಚಿ ತೊಳದೇನ್ರಿ," ಎಂದರು ಗಂಗವ್ವ. "ಒಂದೊಂದನ್ನ ಎರಡೆರಡು ಸಲ." ಅವರ ಬೆರಳ ತುದಿಗಳು ಬಿರಿದಿದ್ದವು.

"ಸುಡ್ರಿ ಅಂದಿದ್ನಲ್ರಿ ನಾನು!"

"ಇಲ್ರಿ ಸರ," ಎಂದರು ಈರಪ್ಪ ಮೆಲ್ಲಗೆ. "ತೊಳೀರಿ ಅಂದ್ರಿ. ಹೆಲ್ಮೆಟ್ ಹಾಕ್ಕೋತs ಹೇಳಿದ್ರಿ."

ಮ್ಯಾನೇಜರ್ ನನ್ನ ಮುಖ ನೋಡಿದರು. ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ. "ಸೂಚನೆಯನ್ನು ಪಾಲಿಸಿಲ್ಲ" ಎಂದು ವರದಿಯಲ್ಲಿ ಬರೆದು ಸಹಿ ಹಾಕಿದೆ.

ಕಾಫಿ ಅಂಗಡಿಯ ಗಡುವಿಗೆ ಉಳಿದದ್ದು ಎರಡೇ ದಿನ. ಇನ್ನೂ ಮುಟ್ಟದಿದ್ದ ಮೂವತ್ತೂ ಸೇರಿ ನೂರೈವತ್ತಕ್ಕೂ ಕುಂಚ ಹಿಡಿದು ಕೂತೆವು. ಮತ್ತೆ ಸುಟ್ಟು, ಭಟ್ಟಿ ಪೂರ್ತಿ ತಣಿಯುವ ಮೊದಲೇ ಬಾಗಿಲು ತೆರೆದೆವು. ತೇಪೆ ಹಾಕಿದ ಜಾಗ ಒಂದು ಛಾಯೆ ಗಾಢವಾಗಿ, ಹಳೆಯ ಗಾಯದ ಕಲೆಯಂತೆ ಕಾಣುತ್ತಿತ್ತು. ಬಹಳಷ್ಟು ಹಿಡಿಕೆಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಕಾಫಿ ಅಂಗಡಿಯವರು ಎಲ್ಲವನ್ನೂ ತಿರುಗಿ ಕಳಿಸಿದರು. ಮರುವಾರ ತಿಗರಿಯನ್ನು ಕಿತ್ತರು.

ಒಂದು ವರ್ಷದ ಮೇಲೆ ಬೆಳಗಾವಿಯ ಶಿವಬಸವ ನಗರದ ಮನೆ ಬದಲಿಸುವಾಗ ಆ ದಿನದ ಟಿಪ್ಪಣಿ ಪುಸ್ತಕ ಸಿಕ್ಕಿತು. "30 — ಗೋಂದು, ಕುಂಚ, ಮರುಸುಡುವಿಕೆ" ಎಂದು ಬರೆದಿದ್ದೆ. ಕೆಳಗಿನ ಸಾಲಿನಲ್ಲಿ "120 —" ಎಂದಿತ್ತು. ಮುಂದೆ ಏನೂ ಇರಲಿಲ್ಲ.

ಭಟ್ಟಿಯ ಬಾಗಿಲು, ಕೈಯಲ್ಲಿನ ಹೆಲ್ಮೆಟ್, ನನ್ನ ದನಿ, ಎಲ್ಲವೂ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಆದರೆ ನಾನು ಆಡಿದ ಮಾತು ಯಾವುದು? 'ಸುಡ್ರಿ' ಎಂದು ಕೇಳಿಸಿಕೊಳ್ಳುತ್ತೇನೆ. 'ತೊಳೀರಿ' ಎಂದುಕೊಂಡು ಕೇಳಿದರೆ ಅದೂ ನನ್ನದೇ ದನಿಯಲ್ಲಿ ಕೇಳಿಸುತ್ತದೆ.

ಖಾನಾಪುರದಲ್ಲಿ ಈರಪ್ಪನವರ ಮನೆಗೆ ಹೋಗಿ, ತಪ್ಪು ನನ್ನದಿರಬಹುದು ಎಂದೆ. ಈರಪ್ಪ ಹಿತ್ತಲ ಕಡೆ ಕೈ ತೋರಿಸಿದರು.

"ಈಗ ಹೇಳಿ ಏನ್ ಮಾಡೂದ್ರಿ ಸರ? ತಿಗರಿ ಕಲ್ಲು ಹಿತ್ತಲದಾಗ ಬಿದ್ದೈತಿ. ಇಕಿ ಅದರ ಮ್ಯಾಲ ಅರಬಿ ಒಗೀತಾಳ."

ವರದಿಯನ್ನು ತಿದ್ದಿ ಕಳಿಸಿದೆ. ಅಷ್ಟರಲ್ಲಿ ಮ್ಯಾನೇಜರ್ ಬದಲಾಗಿದ್ದರು. ಉತ್ತರ ಬರಲಿಲ್ಲ.

ಈಗ ಎಲ್ಲಿಗೆ ಹೋದರೂ ಸೂಚನೆಯನ್ನು ಬರೆದು, ಅಲ್ಲಿಯ ಕುಂಬಾರರ ಬಾಯಿಂದ ಒಮ್ಮೆ ಓದಿಸಿ, ಭಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದ ಮೇಲೆಯೇ ಹೆಲ್ಮೆಟ್ ಮುಟ್ಟುತ್ತೇನೆ. ಎರಡು ನಿಮಿಷದ ಕೆಲಸ. ಆವತ್ತೂ ಎರಡೇ ನಿಮಿಷ ಸಾಕಿತ್ತು.