ನೆರಳಿಲ್ಲದ ಅನ್ನ

ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ಕೂತು ಮದುವಣಗಿತ್ತಿಯರ ಸೊಂಟ ಸಣ್ಣ ಮಾಡುವುದರಲ್ಲಿ ಫೋಟೋ ತಿದ್ದುವ ‘ಟಚಪ್ ಅಕ್ಕ’ನದು ಎತ್ತಿದ ಕೈ. ಪರದೆಯ ನೀಲಿ ಬೆಳಕಿನಲ್ಲಿ ಅವಳು ಮೌಸ್ ಆಡಿಸಿದರೆ ಸಾಕು, ಮೈಗಳು ನೀರಿನ ಹಾಗೆ ಹರಿದು ತೆಳ್ಳಗಾಗುತ್ತಿದ್ದವು. ಅದನ್ನೇ ನೋಡಿ ನೋಡಿ ಅವಳಿಗೆ ತನ್ನ ಮೈಯೇ ಅತಿ ದಪ್ಪವಾಗಿ ಕಂಡಿತು. ಊಟ ಬಿಟ್ಟಳು. ತಲೆ ಸುತ್ತಿ ಬಿದ್ದ ಮೇಲೆ ಅಮ್ಮ ಅವಳನ್ನು ಎಳೆದುಕೊಂಡು ಹೋಗಿ ಆಪ್ತಸಲಹೆಗಾರ್ತಿಯ ಮುಂದೆ ಕೂರಿಸಿದಳು.

ಅವರು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಊಟಕ್ಕೆ ಕೂತಾಗ ತಟ್ಟೆಯ ಫೋಟೋ ಕಳಿಸಿದರೆ, ಆ ಹೊತ್ತಿನ ಭಯದ ಬಗ್ಗೆ ಅವರು ಅಲ್ಲಿಂದಲೇ ಮಾತಾಡುವರು. ಆದರೆ ಅಕ್ಕನ ಕೈ ಸುಮ್ಮನಿರಬೇಕಲ್ಲ! ಒಂದು ತುತ್ತು ಅನ್ನವನ್ನು ಫೋಟೋದಲ್ಲಿ ಬೆಟ್ಟದಷ್ಟು ಮಾಡಿ ಕಳಿಸಿದಳು.

ಫೋನ್ ಬಂತು. “ಚಮಚಕ್ಕೆ ನೆರಳಿದೆ, ಇಷ್ಟೊಂದು ಅನ್ನಕ್ಕೆ ನೆರಳೇ ಇಲ್ವಲ್ಲಮ್ಮ?”

ಅಕ್ಕ ನಾಲಿಗೆ ಕಚ್ಚಿಕೊಂಡಳು.

“ನಾನೇನು ಬೈಯಲ್ಲ. ಒಂದೇ ತುತ್ತಾದ್ರೂ ಇದ್ದ ಹಾಗೇ ಕಳಿಸು, ಅಲ್ಲಿಂದ್ಲೇ ಶುರು ಮಾಡೋಣ.”

ಮಾರನೆಯ ದಿನ ಅವಳು ಕಿಟಕಿಯ ಬಳಿ ಕೂತಳು. ಬಿಸಿಲು ತೇಲುತ್ತ ಬಂದು ತಟ್ಟೆಗೆ ಇಳಿಯಿತು. ಅದೇ ಪುಟ್ಟ ತುತ್ತು, ಅದರ ಮಗ್ಗುಲಲ್ಲಿ ಮಲಗಿದ್ದ ಅದರದೇ ಪುಟ್ಟ ನೆರಳು. ತಿದ್ದದೆ ಕಳಿಸಿ, ನಿಧಾನವಾಗಿ ಬಾಯಿಗಿಟ್ಟಳು.

ಸಂಜೆ ಮದುವಣಗಿತ್ತಿಯೊಬ್ಬಳ ಫೋಟೋ ಪರದೆಗೆ ಬಂತು. ಹಿಂದೆ ನಿಂತ ಮಾಲೀಕ, “ಸೊಂಟ ಒಂಚೂರು ಒಳಗೆ ಹಾಕಮ್ಮ” ಅಂದ.

ಅಕ್ಕ ಮೌಸ್‌ನಿಂದ ಕೈ ತೆಗೆದಳು. “ಊಟ ಮಾಡೋ ಹುಡುಗಿ ಸಾರ್. ಹಾಗೇ ಇರ್ಲಿ ಬಿಡಿ.”