ಮಗ್ಗದ ಕುಣಿಯಲ್ಲಿ ನೀರು ಬಂದ ದಿನ

ನೇಯುತ್ತ ಕೂತಿದ್ದ ಅಪ್ಪ ಇದ್ದಕ್ಕಿದ್ದಂತೆ ಲಾಳಿ ನಿಲ್ಲಿಸಿ ಕೆಳಗೆ ನೋಡಿದ. ಕಾಲು ಇಳಿಬಿಟ್ಟಿದ್ದ ಮಗ್ಗದ ಕುಣಿಯಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು.

ಹೊರಗೆ ಸುಡು ಬಿಸಿಲು. ಒಂದು ಹನಿ ಮಳೆಯಿಲ್ಲ.

"ಏನ ಕೇಳಿದೇನು... ಕೊಡ ತಗೊಂಡು ಬಾ! ಗಂಗವ್ವ ತಾನಾಗೇ ಮನಿಗೆ ಬಂದಾಳ!" ಎಂದು ಅವ್ವನನ್ನು ಕೂಗಿದ. ಆ ದನಿಯಲ್ಲಿದ್ದ ಖುಷಿ ತೊಂಬತ್ತರ ಹತ್ತಿರ ಬಂದ ನನಗೆ ಇವತ್ತಿಗೂ ಹಾಗೇ ಕೇಳಿಸುತ್ತದೆ.

ಇದು ಮಸ್ಕಿಯಲ್ಲಿ ನಡೆದದ್ದು. ನಿಜಾಮರ ಕಾಲ, ಪೊಲೀಸ್ ಆ್ಯಕ್ಷನ್‌ಗೆ ಇನ್ನೂ ಎರಡು ಮೂರು ವರ್ಷವಿತ್ತು. ನನಗೆ ಹತ್ತೋ ಹನ್ನೊಂದೋ.

ಮೊದಲು ನಾವಿದ್ದದ್ದು ಗುಡ್ಡದ ಬುಡದ ಹಳೇ ಓಣಿಯಲ್ಲಿ. ಸಿಂಧನೂರು–ಲಿಂಗಸುಗೂರು ದಾರಿಯಲ್ಲಿ ಹತ್ತಿ ಗಾಡಿಗಳು ಹೆಚ್ಚಿದಂತೆ ಊರು ಉಬ್ಬತೊಡಗಿತು. ಅಂಗಡಿ, ಖಾನಾವಳಿ, ಗೋದಾಮು... ಮಗ್ಗಕ್ಕೆ ಹೂಡುವ ಹಾಸುನೂಲನ್ನು ಉದ್ದಕ್ಕೆ ಎಳೆದು ಕಟ್ಟಲು ನಮ್ಮ ಓಣಿಯಲ್ಲಿ ಜಾಗವೇ ಉಳಿಯಲಿಲ್ಲ.

ಆಗ ಒಬ್ಬ ಸಾಹುಕಾರರು ಹಳ್ಳದ ದಂಡೆಗೆ ಕಲ್ಲುಮಣ್ಣು ತುಂಬಿಸಿ ಸಾಲಾಗಿ ಜಾಗ ಹಂಚಿದರು. ನಯಾ ಪೇಟೆ ಅಂತ ಹೆಸರು. ಈಗಿನ ಮಾತಿನಲ್ಲಿ ಲೇಔಟ್.

ಹಳ್ಳ ಅರ್ಧಕ್ಕರ್ಧ ಸಣ್ಣದಾಯಿತು. ವರ್ಷದ ಬಹಳಷ್ಟು ತಿಂಗಳು ಅದರಲ್ಲಿ ಬರೀ ಉಸುಕೇ ಇರುತ್ತಿದ್ದುದರಿಂದ ಯಾರಿಗೂ ಏನೂ ಅನಿಸಲಿಲ್ಲ.

ಅಪ್ಪ ಅಲ್ಲಿಗೆ ಹೋದದ್ದಕ್ಕೆ ಜಾಗ ಒಂದೇ ಕಾರಣವಲ್ಲ. ನಮ್ಮ ಸೀಮೆಯ ಒಣ ಗಾಳಿಗೆ ಮಗ್ಗದ ಮೇಲಿನ ನೂಲು ಪಟಪಟ ಹರಿಯುತ್ತದೆ. ಬೇಸಿಗೆ ಬಂತೆಂದರೆ ಕುಣಿಗೆ ನೀರು ಚಿಮುಕಿಸುವುದೇ ಅವ್ವನಿಗೆ ಒಂದು ಕೆಲಸ, ಅದೂ ದೂರದಿಂದ ಹೊತ್ತು ತಂದ ನೀರು.

ಹೊಸ ಜಾಗದಲ್ಲಿ ಕುಣಿ ತೋಡಿದರೆ ಮಣ್ಣು ತಣ್ಣಗಿತ್ತು. ಕೈಯಿಟ್ಟರೆ ಪಸೆ. ಅಪ್ಪ ಅಲ್ಲೇ ಕಾಯಿ ಒಡೆದ.

ನೂಲು ಹರಿಯುವುದೇ ನಿಂತುಹೋಯಿತು. ಹಳೇ ಓಣಿಯ ನೇಕಾರರು ಬಂದು, ಕುಣಿಗೆ ಕೈ ಇಳಿಸಿ ನೋಡಿ, ಹೊಟ್ಟೆ ಉರಿದುಕೊಂಡು ಹೋದರು. ಈ ತಂಪು ಎಲ್ಲಿಂದ ಬರುತ್ತಿದೆ ಅಂತ ಒಬ್ಬರೂ ಕೇಳಲಿಲ್ಲ. ಒಣ ಸೀಮೆಯ ಜನ ನಾವು... ನೀರು ಕಂಡರೆ ಹೆದರಬೇಕು ಅಂತ ನಮಗೆ ಯಾರೂ ಕಲಿಸಿರಲಿಲ್ಲ.

ಆ ದಿನ ಅವ್ವ ತಂಬಿಗೆಯಿಂದ ಮೊಗೆದು ಮೊಗೆದು ಕೊಡ ತುಂಬಿದಳು. ಮೊಗೆದಷ್ಟೂ ಬರುತ್ತಿತ್ತು. ಓಣಿಯವರನ್ನೆಲ್ಲ ಕರೆಯಲು ನನ್ನನ್ನು ಓಡಿಸಿದಳು.

ನಾನು ಹಬ್ಬದ ಸುದ್ದಿಯಂತೆ ಸಾರಿಕೊಂಡು ಬಂದೆ. ಹೆಂಗಸರು ಕೊಡ ಹಿಡಿದು ನಮ್ಮ ಬಾಗಿಲಲ್ಲಿ ಪಾಳಿ ಹಚ್ಚಿದರು.

ಕೊನೆಗೆ ಬಂದವಳು ಪಕ್ಕದ ಮನೆಯ ಹುಸೇನಬಿ, ಅರಳೆ ಹಿಂಜುವವರ ಮನೆಯಾಕೆ. ಬೊಗಸೆಯಲ್ಲಿ ನೀರು ತೆಗೆದು ಬಾಗಿಲ ಬೆಳಕಿಗೆ ಹಿಡಿದಳು. ನೀರು ಕೆಂಪಗಿತ್ತು. ಕೊಡವನ್ನು ಅಲ್ಲೇ ಬಿಟ್ಟಳು.

"ಇದು ಸೆಲಿ ನೀರಲ್ಲ ಯಕ್ಕಾ, ಹಳ್ಳ ಬರಾಕತ್ತೈತಿ. ಮ್ಯಾಲ ಎಲ್ಲೋ ಮಳಿ ಆಗೈತಿ. ಮಕ್ಕಳನ್ನ ಕರ್ಕೊಂಡು ಗುಡ್ಡದ ಕಡೆ ನಡೀರಿ!"

ಹೆಂಗಸರು ಓಡಿದರು. ಅಪ್ಪ ಮಾತ್ರ ಏಳಲಿಲ್ಲ.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು. ಅರ್ಧಕ್ಕೆ ಹಾಸುನೂಲು ಕೊಯ್ದರೆ ಮನೆತನಕ್ಕೆ ಆಗಿಬರುವುದಿಲ್ಲ ಅಂತ ನಮ್ಮ ಮನೆಯ ನಂಬಿಕೆ. ಹಾಗಾಗಿ ಆತ ಒಂದೊಂದೇ ಗಂಟು ಬಿಚ್ಚಲು ಹೊರಟ.

ನೀರು ಮೊಳಕಾಲಿಗೆ ಬಂದಿದೆ. ಅವ್ವ ಅಳುತ್ತಿದ್ದಾಳೆ. ನಾನು ತೋಳು ಹಿಡಿದು ಎಳೆಯುತ್ತಿದ್ದೇನೆ. "ತಡೀ, ಇಷ್ಟು ಬಿಚ್ಚತೀನಿ... ತಡೀ," ಅನ್ನುತ್ತಿದ್ದಾನೆ ಅಪ್ಪ.

ಹುಸೇನಬಿ ನಮ್ಮ ಅಡುಗೆಮನೆಯಿಂದ ಕುಡಗೋಲು ತಂದು ಸರ್ರನೆ ಹಾಸನ್ನು ಕೊಯ್ದೇಬಿಟ್ಟಳು.

ನೂಲುಗಳೆಲ್ಲ ಒಮ್ಮೆಗೇ ಸಡಿಲಾಗಿ ನೀರಿಗೆ ಬಿದ್ದವು. ಅವಳನ್ನು ಬೈಯಲೆಂದಾದರೂ ಅಪ್ಪ ಎದ್ದು ನಿಂತ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ನೇಯ್ದಷ್ಟು ಸೀರೆಯನ್ನು ಬಾಚಿಕೊಂಡ ಆತನನ್ನು ಅವ್ವನೂ ಅವಳೂ ಸೇರಿ ಹೊರಗೆ ಎಳೆದರು.

ಗುಡ್ಡ ಹತ್ತಿ ನೋಡಿದೆವು. ಹಳ್ಳಕ್ಕೆ ಯಾರ ಮೇಲೂ ಸಿಟ್ಟಿದ್ದಂತೆ ನನಗೆ ಕಾಣಲಿಲ್ಲ. ತನ್ನ ಹಳೇ ದಂಡೆಯವರೆಗೆ ಬಂತು. ಆ ಅಗಲದೊಳಗೆ ನಯಾ ಪೇಟೆ ಪೂರ್ತಿ ಇತ್ತು.

ಜನ ಉಳಿದರು. ಮನೆಗಳು ಹೋದವು. ನಮ್ಮ ಮಗ್ಗದ ಒಂದು ಕಟ್ಟಿಗೆಯೂ ಸಿಗಲಿಲ್ಲ.

ಅಪ್ಪ ಹಳೇ ಓಣಿಗೆ ಮರಳಿ ಬೇರೆಯವರ ಮಗ್ಗದಲ್ಲಿ ಕೂಲಿಗೆ ಕೂತ. ತನ್ನದು ಅಂತ ಮತ್ತೊಂದು ಮಗ್ಗ ಹೂಡಲೇ ಇಲ್ಲ. ಹಾಸು ಕೊಯ್ದದ್ದಕ್ಕೇ ಹೀಗಾಯಿತು ಅಂತ ಕೊನೆಯವರೆಗೂ ನಂಬಿದ್ದ. ಹುಸೇನಬಿ ಎದುರಾದರೆ ದಾರಿ ಬದಲಿಸುತ್ತಿದ್ದ.

ಆತ ಎದೆಗವಚಿ ತಂದಿದ್ದ ಅರ್ಧ ಸೀರೆಯಲ್ಲಿ ಅವ್ವ ನನಗೊಂದು ಪರಕಾರ, ಅಂದರೆ ಲಂಗ, ಹೊಲಿದಳು. ನಾನು ಅದನ್ನುಟ್ಟು ಹುಸೇನಬಿಗೆ ತೋರಿಸಲು ಹೋಗಿದ್ದೆ. ಅವಳು ಅಂಚು ಮುಟ್ಟಿ ನೋಡಿ, "ಚಲೋ ನೇಯ್ದಾನ ನಿಮ್ಮಪ್ಪ," ಅಂದಳು. ಆಗ ನನಗೆ ಅಪ್ಪನ ಮೇಲೆ ಬಹಳ ಸಿಟ್ಟು ಬಂತು. ಈಗ ಪಾಪ ಅನಿಸುತ್ತದೆ.

ಇಷ್ಟೆಲ್ಲ ಯಾಕೆ ನೆನಪಾಯಿತೆಂದರೆ, ನಿನ್ನೆ ಮೊಮ್ಮಗ ಗ್ರೂಪಿನಲ್ಲಿ ಒಂದು ಫೋಟೋ ಹಾಕಿದ್ದಾನೆ. ಮಸ್ಕಿಯಲ್ಲಿ, ಹಳ್ಳದ ಕಡೆಯ ಹೊಸ ಲೇಔಟಿನಲ್ಲಿ ಸೈಟ್ ತಗೊಂಡಿದ್ದಾನೆ. ಪಾಯ ತೋಡಿದ ಗುಂಡಿಯ ತುಂಬ ನೀರು.

"ಅಜ್ಜೀ, ಐದೇ ಫೂಟಿಗೆ ನೀರು ಬಂದೈತಿ. ಬೋರ್ ಬ್ಯಾಡ ಇನ್ನ!" ಅಂತ ಬರೆದಿದ್ದಾನೆ. ಕೆಳಗೆ ನೆಂಟರೆಲ್ಲ ಕೈಮುಗಿದ ಚಿತ್ರ ಹಾಕಿದ್ದಾರೆ. ಒಬ್ಬರು, ಗಂಗಮ್ಮ ಒಲಿದಳು ಅಂದಿದ್ದಾರೆ.

ನಾನಿನ್ನೂ ಏನೂ ಬರೆದಿಲ್ಲ. ಅಷ್ಟು ಖುಷಿಯಲ್ಲಿರುವ ಹುಡುಗನ ಹಾಸನ್ನು ನಾನು ಹೇಗೆ ಕೊಯ್ಯಲಿ, ನೀವೇ ಹೇಳಿ?