ಬೋರ್ಡಕ್ಕನ ಬಾಲ

ಆ ಊರಿನಲ್ಲಿ ಕ್ಷೌರದಂಗಡಿಯಿಂದ ಹಿಡಿದು ಪೊಲೀಸ್ ಠಾಣೆಯವರೆಗೆ ಬೋರ್ಡು ಅಂತ ಎಷ್ಟಿದ್ದವೋ ಅಷ್ಟೂ ಒಬ್ಬಳದೇ ಕೈಬರಹ. ಹಾಗಾಗಿ ಅವಳು ಊರಿಗೆಲ್ಲ ಬೋರ್ಡಕ್ಕ. ಸ್ವಂತ ಹೆಸರು ಕೇಳಿದರೆ ಅವಳೇ ಒಂದು ಗಳಿಗೆ ಯೋಚಿಸುತ್ತಿದ್ದಳು. ವಯಸ್ಸು ಐವತ್ತೆರಡು, ಎಡಗೈ ಬರಹ, ಬಾಯಿಗೆ ಬೀಗವಿಲ್ಲ. ಏನೇ ಬರೆದರೂ ಕೊನೆಯ ಅಕ್ಷರದ ಅಡಿಯಲ್ಲಿ ಬೆಕ್ಕಿನ ಬಾಲದಂಥ ಒಂದು ಸುರುಳಿ ಎಳೆದು, ತುದಿಗೊಂದು ಕೆಂಪು ಚುಕ್ಕೆ ಇಡದಿದ್ದರೆ ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಠಾಣೆಯ ಬೋರ್ಡಿಗೆ ಬಾಲ ಬೇಡವೆಂದ ಇನ್‌ಸ್ಪೆಕ್ಟರಿಗೆ, "ಬಾಲ ಇಲ್ಲ ಅಂದ್ರೆ ಬೋರ್ಡೂ ಇಲ್ಲ ಸಾರ್. ಕಳ್ಳರು ದಾರಿ ಕೇಳ್ಕೊಂಡು ಬರ್ಲಿ ಬಿಡಿ" ಎಂದಿದ್ದಳು.

ಗಡಿಯಾಚೆ ಯುದ್ಧ ಶುರುವಾದ ವರ್ಷ ಊರಾಚೆಯ ಹಳೇ ವಿಮಾನ ನಿಲ್ದಾಣಕ್ಕೆ ಸೊಳ್ಳೆ ನಿವಾರಣಾ ಕಂಪನಿಯೊಂದು ಬಂತು. ಆ ವರ್ಷ ಊರಿನ ಸೊಳ್ಳೆಗಳು ದುಪ್ಪಟ್ಟಾದವು. ಕಂಪನಿಯ ಸಾಹೇಬರಿಗೆ ಅದರ ಚಿಂತೆಯೇ ಇರಲಿಲ್ಲ, ಊರು ಮಾತ್ರ ಅವರನ್ನು ಸೊಳ್ಳೆ ಸಾಹೇಬರು ಎಂದೇ ಕರೆಯಿತು. ಅವರ ಹತ್ತಿರ ಇದ್ದದ್ದು ಒಂದೇ ಒಂದು ವಿಮಾನ. ತಿಂಗಳಿಗೊಮ್ಮೆ ಅದಕ್ಕೆ ಹೊಸ ಹೆಸರು, ಹೊಸ ನಂಬರು ಬರೆಯುವ ಕೆಲಸ ಬೋರ್ಡಕ್ಕನಿಗೆ ಸಿಕ್ಕಿತು. ವರ್ಷ ತಿರುಗುವಷ್ಟರಲ್ಲಿ ಅದು ಮೀನಿನ ಕಂಪನಿಯದಾಯಿತು, ಔಷಧಿ ಕಂಪನಿಯದಾಯಿತು, ಕೊನೆಗೆ ಅನಾಥಾಶ್ರಮದ್ದೂ ಆಗಿಹೋಯಿತು. ಅಷ್ಟು ದೊಡ್ಡ, ಅಷ್ಟು ನುಣುಪಾದ ಗೋಡೆ ಬೋರ್ಡಕ್ಕನಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಖುಷಿಯಲ್ಲಿ ರೆಕ್ಕೆಯ ಕೆಳಗೆ ಮಲಗಿ ಹಾಡುತ್ತಾ ಬರೆಯುತ್ತಿದ್ದಳು.

ಗುಟ್ಟು ಏನೆಂದು ಅವಳಿಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾದೀತು. ಆಚೆಯ ಗುಡ್ಡಗಳಲ್ಲಿ ಅಲ್ಲಿನ ಸರಕಾರದ ಮೇಲೆ ತಿರುಗಿಬಿದ್ದವರಿಗೆ ಈಚೆಯ ಸರಕಾರ ಕದ್ದು ಬಂದೂಕು ಕಳಿಸುತ್ತಿತ್ತು. ಪೆಟ್ಟಿಗೆಗಳ ಮೇಲೆ 'ಹೊಲಿಗೆ ಯಂತ್ರ' ಎಂದು ಬರೆದವಳು ಅವಳೇ. ಗುಡ್ಡದವರ ಕೈಯಲ್ಲಿ ಕಾಸಿರಲಿಲ್ಲ, ಅಫೀಮಿನ ಹೊಲವಿತ್ತು. ಅದರಿಂದ ಮಾಡಿದ ಬಿಳಿ ಪುಡಿ ಚೀಲಗಳಲ್ಲಿ ತುಂಬಿ ಬಂದು, ದೊಡ್ಡ ಊರುಗಳಲ್ಲಿ ಮಾರಾಟವಾಗಿ, ಮತ್ತೆ ಬಂದೂಕಾಗಿ ಹಿಂದಿರುಗುತ್ತಿತ್ತು. ಆ ಚೀಲಗಳಿಗೂ ಅವಳು ಖಾಲಿ ಇರುವಾಗಲೇ ನೀಟಾಗಿ 'ಹಿಟ್ಟು' ಎಂದು ಬರೆದು, ಬಾಲ ಎಳೆದು ಕೊಡುತ್ತಿದ್ದಳು.

"ದೇಶದ ಕೆಲಸ ಕಣಮ್ಮಾ" ಎನ್ನುತ್ತಿದ್ದರು ಸಾಹೇಬರು. "ವಿಮಾನದ ಮೇಲೆ ಮಾತ್ರ ಆ ನಿನ್ನ ಬಾಲ ಬೇಡ."

ಹತ್ತು ಸಲ ಅವಳು ಕೈ ಬಿಗಿಹಿಡಿದಳು. ಹನ್ನೊಂದನೆಯ ಸಲ ಆಗಲಿಲ್ಲ. ನಾಯಿ ಬಾಲ ಡೊಂಕು ಅನ್ನುತ್ತಾರಲ್ಲ, ಬೋರ್ಡಕ್ಕನ ಬಾಲವೂ ಅದೇ ಜಾತಿ. ಕೊನೆಯ ಅಂಕಿಯ ಕೆಳಗೆ ಸುರುಳಿ ಎಳೆದು, ಚುಕ್ಕೆ ಇಟ್ಟು, ಏನೂ ಗೊತ್ತಿಲ್ಲದವಳಂತೆ ಮನೆಗೆ ಬಂದಳು.

ಆ ವಿಮಾನದಲ್ಲಿ ಮೂಟೆ ಏರಿಸಿ ಇಳಿಸುವವನು ಅವಳ ತಮ್ಮ. ನಲವತ್ತರ ದಡೂತಿ ಆಸಾಮಿ, ಅಮ್ಮ ಸತ್ತಮೇಲೆ ಅಕ್ಕನೇ ಸಾಕಿ ಬೆಳೆಸಿದವನು. ಅಕ್ಕ ಏಣಿ ಹತ್ತಿದರೆ ಕೆಳಗೆ ಹಿಡಿದು ನಿಲ್ಲುವುದು ಚಿಕ್ಕಂದಿನಿಂದಲೂ ಅವನ ಕೆಲಸ. ಮೂಟೆಯ ಕೆಲಸ ಅಕ್ಕನೇ ಕೊಡಿಸಿದ್ದು.

ಹನ್ನೊಂದನೆಯ ಹೆಸರಿನ ವಿಮಾನ ಎಂಜಿನ್ ಕೆಟ್ಟು ಆಚೆಯ ದೇಶದ ಹೊಲವೊಂದರಲ್ಲಿ ಕುಸಿಯಿತು. ಪೈಲಟ್ ಪ್ಯಾರಾಚೂಟಿನಲ್ಲಿ ಹಾರಿ ನಾಪತ್ತೆ. ತಮ್ಮ 'ಹಿಟ್ಟಿ'ನ ಮೂಟೆಗಳ ನಡುವೆ ಸಿಕ್ಕಿಬಿದ್ದ. ಸೊಳ್ಳೆ ಕಂಪನಿ ಅಂದೇ ಮಧ್ಯಾಹ್ನ ಕುರ್ಚಿ ಸಮೇತ ಮಾಯ. ಆ ವಿಮಾನವನ್ನು ತಾನು ಕಂಡೇ ಇಲ್ಲವೆಂದು ಸರಕಾರ ಹೇಳಿಬಿಟ್ಟಿತು. ವಿಮಾನ ಈಚೆಯದೆಂದಾದರೆ ಅವನು ಯುದ್ಧಕೈದಿ, ಒಂದಲ್ಲ ಒಂದು ದಿನ ಬಿಡುಗಡೆ. ಯಾರದೂ ಅಲ್ಲವೆಂದಾದರೆ ಬರೀ ಕಳ್ಳಸಾಗಣೆದಾರ, ಅದಕ್ಕೆ ಅಲ್ಲಿ ಗಲ್ಲು.

ಪತ್ರಿಕೆಯಲ್ಲಿ ಮುರಿದ ವಿಮಾನದ ಫೋಟೋ ಬಂತು. ಮೊದಲು ಕಂಡದ್ದು ಕ್ಷೌರದವನಿಗೆ. ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಬೀದಿಗೆ ಓಡಿ, ತನ್ನ ಬೋರ್ಡಿನ ಪಕ್ಕ ಪತ್ರಿಕೆ ಹಿಡಿದು ಕೂಗಿದ: "ಲೋ, ನಮ್ಮ ಬೋರ್ಡಕ್ಕನ ಬಾಲ ಕಣ್ರೋ!" ಹತ್ತು ನಿಮಿಷದಲ್ಲಿ ಬೀದಿಯ ಉದ್ದಕ್ಕೂ ಜನ ಪತ್ರಿಕೆ ಎತ್ತಿ ಹಿಡಿದು ಬೋರ್ಡು ನೋಡುವುದು, ಬಿದ್ದು ಬಿದ್ದು ನಗುವುದು. ಇನ್‌ಸ್ಪೆಕ್ಟರ್ ಠಾಣೆಯ ಬೋರ್ಡಿಗೆ ಟವೆಲ್ಲು ಹೊದಿಸಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಾಯವಾಗಿದ್ದ ಸೊಳ್ಳೆ ಸಾಹೇಬರು ಓಡೋಡಿ ಬಂದರು, ಆರು ಡಬ್ಬಿ ಬಣ್ಣ ಹೊತ್ತುಕೊಂಡು. "ಶುಕ್ರವಾರ ಹೊರದೇಶದ ಪತ್ರಕರ್ತರು ಬರ್ತಾರೆ. ಅಷ್ಟರೊಳಗೆ ಊರಲ್ಲಿ ಒಂದು ಬಾಲಾನೂ ಇರಬಾರದು."

"ಅಳಿಸ್ತೀನಿ. ನನ್ನ ತಮ್ಮ ಯಾವಾಗ ಬರ್ತಾನೆ?"

"ಯಾವ ತಮ್ಮ?" ಎಂದರು ಸಾಹೇಬರು.

ಬೋರ್ಡಕ್ಕ ಡಬ್ಬಿಗಳನ್ನು ಒಳಗಿಟ್ಟುಕೊಂಡಳು. ಮರುದಿನ ಬೆಳಿಗ್ಗೆಯಿಂದ ಸರಕಾರದ್ದೇ ಬಣ್ಣದಲ್ಲಿ ಕಂಡಕಂಡಲ್ಲಿ ಬಾಲ ಬಿತ್ತು: ಬಸ್ಸಿಗೆ, ನೀರಿನ ಟ್ಯಾಂಕಿಗೆ, ಅಂಚೆಪೆಟ್ಟಿಗೆಗೆ, ಸಾಹೇಬರ ಜೀಪಿನ ಬೆನ್ನಿಗೂ. ಊರಿಗೆ ಊರೇ ಏಣಿ ಹಿಡಿಯಿತು. ಶುಕ್ರವಾರ ಪತ್ರಕರ್ತರು ಇಳಿಯುವ ಹೊತ್ತಿಗೆ ಬಸ್ ನಿಲ್ದಾಣದ ಗೋಡೆಯ ಮೇಲೆ ಅವಳು ಆಳೆತ್ತರದ ಅಂಕಿಗಳಲ್ಲಿ ಬಿದ್ದ ವಿಮಾನದ ನಂಬರನ್ನೇ ಬರೆದು ಮುಗಿಸುತ್ತಿದ್ದಳು. ಕ್ಯಾಮೆರಾಗಳ ಮುಂದೆಯೇ ಬಾಲ ಎಳೆದಳು, ಚುಕ್ಕೆ ಇಟ್ಟಳು, ತಿರುಗಿ ಎಡಗೈ ಎತ್ತಿ ತೋರಿಸಿದಳು. "ವಿಮಾನ ನಮ್ಮೂರಿಂದೇ. ಬರ್ದಿದ್ದು ಈ ಕೈ. ಒಳಗಿದ್ದವನು ನನ್ನ ತಮ್ಮ!"

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸರಕಾರ ಮೊದಲು ಕೆಮ್ಮಿತು, ಆಮೇಲೆ "ಪರಿಶೀಲಿಸುತ್ತೇವೆ" ಎಂದಿತು, ನಲವತ್ತು ದಿನಕ್ಕೆ ಆಚೆಯ ಇಬ್ಬರು ಗೂಢಚಾರರನ್ನು ಕೊಟ್ಟು ತಮ್ಮನನ್ನು ಬಿಡಿಸಿ ತಂದಿತು. ಊರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಆ ದಡೂತಿ ಆಸಾಮಿ ಈಗ ಒಬ್ಬರೇ ಎತ್ತಿಬಿಡುವಷ್ಟು ಹಗುರಾಗಿದ್ದಾನೆಂದು ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ.

ಬಂದ ಮೂರನೇ ದಿನ ಬೋರ್ಡಕ್ಕ ಗಿರಣಿಯ ಬಾಗಿಲಿಗೆ ಏಣಿ ಹಾಕಿದಳು. ತಮ್ಮ ಎಂದಿನಂತೆ ಕೆಳಗೆ ಹಿಡಿದ. 'ಹಿಟ್ಟಿನ ಗಿರಣಿ' ಎಂದು ಬರೆದು ಬಾಲಕ್ಕೆ ಕುಂಚ ಅದ್ದುವಷ್ಟರಲ್ಲಿ ಏಣಿ ಗಡಗಡ ಅಲುಗಿತು.

"ಏಯ್, ಕುಣೀಬೇಡ್ವೋ!" ನಗುತ್ತಲೇ ಕೆಳಗೆ ನೋಡಿದಳು. ಅವನು ಕುಣಿಯುತ್ತಿರಲಿಲ್ಲ. ಎರಡೂ ಕೈಯಲ್ಲಿ ಬಲವಾಗಿ ಹಿಡಿದಿದ್ದ, ಕೈಗಳೇ ನಡುಗುತ್ತಿದ್ದವು. ಮುಖದಿಂದ ಬೆವರು ಇಳಿಯುತ್ತಿತ್ತು.

ಅವಳು ಇಳಿದು ಬಂದಳು. "ಯಾವಾಗಿಂದ?"

"ಮೊದಲನೇ ಸಲದಿಂದಾನೇ ಅಕ್ಕ. ಅಲ್ಲಿ ಜೈಲಲ್ಲೂ ಸಿಗ್ತಿತ್ತು, ಬಂದ್ಮೇಲೆ ಸಿಕ್ಕಿಲ್ಲ. ಮೊದಲ ಸಲ ಒಂದು ಚೀಲ ಒಡೆದಿತ್ತು." ಅವನು ನಗಲು ನೋಡಿದ. "ಮೇಲೆ ನಿನ್ನ ಬಾಲ ಇತ್ತಲ್ಲ, ಅಕ್ಕಂದೇ ಹಿಟ್ಟು, ಏನಾಗುತ್ತೆ ಅಂತ ಮೂಗಿಗೆ ಏರಿಸ್ದೆ."

ನಡುಬೀದಿಯಲ್ಲೇ ತಮ್ಮನ ತಲೆಯನ್ನು ಎದೆಗೊತ್ತಿಕೊಂಡು ಬೋರ್ಡಕ್ಕ ಅತ್ತಳು. ಆಮೇಲೆ ಕುಂಚ ಒರೆಸಿ, ಏಣಿ ಮಡಚಿ, ಅವನನ್ನು ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೊರಟಳು.

"ಬಾಲ ಹಾಕೋದು ಮರೆತ್ಯಲ್ಲ ಬೋರ್ಡಕ್ಕ!" ಗಿರಣಿಯವನು ಹಿಂದಿನಿಂದ ಕೂಗಿದ.

"ಈ ಬೋರ್ಡಿಗೆ ಹಾಕಲ್ಲ ಕಣಪ್ಪಾ" ಎಂದಳು, ತಿರುಗಿ ನೋಡದೆ.